ಒಂದೊಂದು ಚಾವಿ, ಒಂದೇ ಚಾವಿ: ಕ್ಯಾಲ್ಕುಲಸ್ ಮುಗಿದ ಮೇಲೆ ಯಾವ ಪೇಪರ್?

"ಸರ್, ಇದ್ರಾಗ ಯಾವ ಪೇಪರ್ ಸರಳ ಅದರಿ?"

ಕಲಬುರಗಿಯಿಂದ ಸುರಪುರದವರೆಗೆ, ಭಾಲ್ಕಿಯಿಂದ ಸೇಡಂವರೆಗೆ, ಬಿ.ಎಸ್ಸಿ. ಗಣಿತ ಓದುವ ಮಕ್ಕಳು ಇಲೆಕ್ಟಿವ್ ಫಾರ್ಮ್ ಕೈಗೆ ಬಂದ ದಿನ ಕೇಳುವ ಮೊದಲ ಪ್ರಶ್ನೆ ಇದು. ತಪ್ಪು ಪ್ರಶ್ನೆಯೇನಲ್ಲ. ಹಳ್ಳಿಯಿಂದ ಬಸ್ಸಿನಲ್ಲಿ ಒಂದೂವರೆ ತಾಸು ಬಂದು, ಸಂಜೆ ಮತ್ತೆ ಅಷ್ಟೇ ಹೊತ್ತು ಹಿಂದಿರುಗುವವರಿಗೆ ಓದಲು ಸಿಗುವ ಹೊತ್ತೇ ಕಡಿಮೆ. ಅದರಲ್ಲಿ ಒಂದು ಪೇಪರ್ ಬ್ಯಾಕ್ ಉಳಿದರೆ ಎಂ.ಎಸ್ಸಿ. ಸೀಟಿನವರೆಗೆ ಅದರ ಪೆಟ್ಟು ತಟ್ಟುತ್ತದೆ. ಆದರೆ ಗಣಿತದಲ್ಲಿ 'ಸರಳ' ಎನ್ನುವ ಮಾತಿನ ಒಳಗೆ ಎರಡು ಬೇರೆ ಸಂಗತಿಗಳಿವೆ. ಈ ಸೆಮಿಸ್ಟರಿನಲ್ಲಿ ಪಾಸಾಗಲು ಸರಳವಾದ ಪೇಪರ್ ಒಂದು. ಮುಂದಿನ ನಾಲ್ಕು ಪೇಪರ್‌ಗಳನ್ನು ಸರಳ ಮಾಡಿಕೊಡುವ ಪೇಪರ್ ಇನ್ನೊಂದು. ಇವೆರಡೂ ಒಂದೇ ಆಗಿರುವುದು ಅಪರೂಪ.

ಪಿಯುಸಿ ಮುಗಿಯುವವರೆಗೆ, ಅಷ್ಟೇಕೆ, ಪದವಿಯ ಮೊದಲ ವರ್ಷದವರೆಗೂ ಗಣಿತಕ್ಕೆ ಒಂದೇ ದಾರಿ. ಮಗ್ಗಿ ಬಂದವರಿಗೆ ಭಿನ್ನರಾಶಿ, ಭಿನ್ನರಾಶಿ ಬಂದವರಿಗೆ ಬೀಜಗಣಿತ, ಅಲ್ಲಿಂದ ತ್ರಿಕೋನಮಿತಿ, ಲಿಮಿಟ್, ಡೆರಿವೇಟಿವ್, ಇಂಟಿಗ್ರೇಷನ್. ಹಿಂದಿನದು ಬಂದರೆ ಮುಂದಿನದು ಬರುತ್ತದೆ. ಪಾರ್ಷಿಯಲ್ ಡೆರಿವೇಟಿವ್, ಡಬಲ್ ಇಂಟಿಗ್ರಲ್ ದಾಟಿದ ಕೂಡಲೇ ಈ ದಾರಿ ಏಳೆಂಟು ಕಡೆ ಒಡೆಯುತ್ತದೆ: ಲೀನಿಯರ್ ಆಲ್ಜೀಬ್ರಾ, ರಿಯಲ್ ಅನಾಲಿಸಿಸ್, ಗ್ರೂಪ್ ಮತ್ತು ರಿಂಗ್ ಥಿಯರಿ, ಡಿಫರೆನ್ಶಿಯಲ್ ಈಕ್ವೇಷನ್, ಪ್ರಾಬಬಿಲಿಟಿ, ನ್ಯೂಮರಿಕಲ್ ಅನಾಲಿಸಿಸ್, ಕಾಂಪ್ಲೆಕ್ಸ್ ಅನಾಲಿಸಿಸ್, ನಂಬರ್ ಥಿಯರಿ. ಇವುಗಳಲ್ಲಿ ಕೆಲವಕ್ಕೆ ಕ್ಯಾಲ್ಕುಲಸ್ಸೇ ಬೇಡ. ಗ್ರೂಪ್ ಥಿಯರಿ ಇಡೀ ಓದಿದರೂ ಒಂದು ಡೆರಿವೇಟಿವ್ ಎದುರಾಗುವುದಿಲ್ಲ. ಹಾಗಾಗಿ ಕ್ಯಾಲ್ಕುಲಸ್‌ನಲ್ಲಿ 80 ಅಂಕ ಬಂದಿದೆ ಎಂಬ ಧೈರ್ಯವಾಗಲಿ, 40 ಬಂದಿದೆ ಎಂಬ ಅಧೈರ್ಯವಾಗಲಿ ಇಲ್ಲಿ ಹೆಚ್ಚು ಕೆಲಸಕ್ಕೆ ಬರುವುದಿಲ್ಲ. ಇಲ್ಲಿಯವರೆಗೆ ಬೇಕಾಗಿದ್ದದ್ದು ಲೆಕ್ಕ ಬಿಡಿಸುವ ಕೈವೇಗ. ಇನ್ನು ಮುಂದೆ ಬೇಕಾಗುವುದು ಒಂದು ವಾಕ್ಯವನ್ನು ನಿಧಾನವಾಗಿ ಓದಿ, ಅದು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ಬಿಡಿಸಿ ನೋಡುವ ತಾಳ್ಮೆ.

ಆಯ್ಕೆಗೆ ನಮ್ಮಲ್ಲಿ ಎಷ್ಟು ಜಾಗ ಇದೆ ಎಂಬುದನ್ನೂ ಮೊದಲೇ ನೋಡಿಕೊಳ್ಳಬೇಕು. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳ ಕಾಲೇಜುಗಳು ಒಂದು ಕಾಲಕ್ಕೆ ಗುಲ್ಬರ್ಗಾ ವಿಶ್ವವಿದ್ಯಾಲಯದ ಅಡಿಯಲ್ಲೇ ಇದ್ದವು, ಈಗ ಬೀದರಿಗೆ ಬೇರೆ, ರಾಯಚೂರು-ಯಾದಗಿರಿಗೆ ಬೇರೆ ವಿಶ್ವವಿದ್ಯಾಲಯ ಬಂದಿದೆ. ಹಾಗಾಗಿ ಕಲಬುರಗಿಯ ಗೆಳೆಯನ ಸಿಲೆಬಸ್ ನೋಡಿ ಯಾದಗಿರಿಯವರು ಯೋಜನೆ ಹಾಕಬಾರದು. ನಿಮ್ಮ ವಿಶ್ವವಿದ್ಯಾಲಯದ, ನಿಮ್ಮ ಬ್ಯಾಚಿನ ಪ್ರತಿಯನ್ನೇ ತೆಗೆದಿಟ್ಟುಕೊಳ್ಳಿ. ಮುಖ್ಯ ಪೇಪರ್‌ಗಳು ಹೇಗೂ ನಿಗದಿಯಾಗಿರುತ್ತವೆ. ಗಣಿತಕ್ಕೆ ಇಬ್ಬರೇ ಅಧ್ಯಾಪಕರಿರುವ ಕಾಲೇಜಿನಲ್ಲಿ ಪಟ್ಟಿಯಲ್ಲಿ ನಾಲ್ಕು ಇಲೆಕ್ಟಿವ್ ಇದ್ದರೂ ನಡೆಯುವುದು ಒಂದೋ ಎರಡೋ. ಆದರೂ ನಿಮ್ಮ ಕೈಯಲ್ಲಿ ಮೂರು ಸಂಗತಿಗಳು ಉಳಿಯುತ್ತವೆ: ಗಣಿತದ ಜೊತೆ ಯಾವ ವಿಷಯ, ಕೊನೆಯ ವರ್ಷ ಯಾವ ಇಲೆಕ್ಟಿವ್, ಮತ್ತು ಎಲ್ಲಕ್ಕಿಂತ ದೊಡ್ಡದು, ಕಾಲೇಜು ಕಲಿಸುವ ಮೊದಲೇ ಯಾವುದನ್ನು ನೀವೇ ಓದಿಕೊಳ್ಳುತ್ತೀರಿ ಎಂಬುದು. ಮುಂದೆ ಹೇಳುವುದೆಲ್ಲ ಈ ಮೂರಕ್ಕೂ ಅನ್ವಯಿಸುತ್ತದೆ.

ಮೊದಲು ಲೀನಿಯರ್ ಆಲ್ಜೀಬ್ರಾ. ಬಿ.ಎಡ್. ಮಾಡಿ ಮೇಷ್ಟ್ರಾಗುವವರಿಗೂ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೋ ಐಐಟಿಗೋ ಹೋಗಬೇಕೆನ್ನುವವರಿಗೂ, ಡೇಟಾ ಸೈನ್ಸ್ ಎನ್ನುವವರಿಗೂ ನಾವು ಕೊಡುವ ಉತ್ತರ ಇದೊಂದೇ. ಕಾರಣ, ಲೆಕ್ಕ ಮತ್ತು ಪ್ರೂಫ್ ಎರಡೂ ಸಮನಾಗಿ ಬೆರೆತಿರುವ ಪೇಪರ್ ಇದು. ರಿಯಲ್ ಅನಾಲಿಸಿಸ್‌ನಲ್ಲಿ ಪ್ರೂಫ್ ಹೊಳೆಯದಿದ್ದರೆ ಕೈ ಕಟ್ಟಿ ಕೂರಬೇಕಾಗುತ್ತದೆ. ಇಲ್ಲಿ ಹಾಗಲ್ಲ. ಮೂರು ಸಾಲಿನ ಒಂದು ಮಾತೃಕೆ ತೆಗೆದುಕೊಂಡು ರೋ ರಿಡಕ್ಷನ್ ಮಾಡಿದರೆ ಥಿಯರಮ್ ಹೇಳುವುದು ಕಣ್ಣೆದುರೇ ಕಾಣುತ್ತದೆ.

ಇದು ಯಾಕೆ ಉಳಿದ ಪೇಪರ್‌ಗಳನ್ನು ಸರಳ ಮಾಡುತ್ತದೆ ಎನ್ನುವುದಕ್ಕೆ ಒಂದೇ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಡಿಫರೆನ್ಶಿಯಲ್ ಈಕ್ವೇಷನ್ ಪೇಪರಿನಲ್ಲಿ ವೈ″ + 2ವೈ′ + ವೈ = 0 ಎಂಬ ಸಮೀಕರಣ ಬರುತ್ತದೆ. ಆಕ್ಸಿಲರಿ ಈಕ್ವೇಷನ್ ಎಂ² + 2ಎಂ + 1 = 0; ಮೂಲ −1, ಎರಡು ಸಲ. ಒಂದು ಪರಿಹಾರ 'ಇ'ಯ ಘಾತ ಮೈನಸ್ ಎಕ್ಸ್. ಎರಡನೆಯದಕ್ಕೆ ಅದನ್ನೇ ಎಕ್ಸ್‌ನಿಂದ ಗುಣಿಸಬೇಕು ಎಂದು ಬೋರ್ಡಿನ ಮೇಲೆ ಬರೆಯುತ್ತಾರೆ, ಮಕ್ಕಳು ಬರೆದುಕೊಳ್ಳುತ್ತಾರೆ. ಆ ಎಕ್ಸ್ ಎಲ್ಲಿಂದ ಬಂತು? ನಿಯಮ ಹಾಗಿದೆ, ಅಷ್ಟೇ.

ಈಗ ಇದನ್ನೇ ಮಾತೃಕೆಯಾಗಿ ಬರೆಯಿರಿ. ವೈ ಒಂದು ಅಜ್ಞಾತ, ವೈ′ ಇನ್ನೊಂದು. ಆಗ ಮೊದಲ ಸಾಲು (0, 1), ಎರಡನೇ ಸಾಲು (−1, −2). ಇದರ ಕ್ಯಾರೆಕ್ಟರಿಸ್ಟಿಕ್ ಈಕ್ವೇಷನ್ ಬರೆದರೆ ಅದೇ ಎಂ² + 2ಎಂ + 1 = 0 ಬರುತ್ತದೆ. ಅಂದರೆ ಆಕ್ಸಿಲರಿ ಈಕ್ವೇಷನ್ ಎಂದು ಕಲಿತದ್ದು ಐಗೆನ್‌ವ್ಯಾಲ್ಯೂ (ಮಾತೃಕೆ ಒಂದು ವೆಕ್ಟರನ್ನು ಅದರ ಗೆರೆಯಲ್ಲೇ ಉಳಿಸಿ ಎಷ್ಟು ಪಟ್ಟು ಮಾಡುತ್ತದೋ ಆ ಸಂಖ್ಯೆ) ಹುಡುಕುವ ಕೆಲಸವೇ. ಇನ್ನು ಐಗೆನ್‌ವ್ಯಾಲ್ಯೂ −1ಕ್ಕೆ ಐಗೆನ್‌ವೆಕ್ಟರ್ ಹುಡುಕಲು ಮಾತೃಕೆಗೆ ಐಡೆಂಟಿಟಿ ಕೂಡಿಸಿ: ಸಾಲುಗಳು (1, 1) ಮತ್ತು (−1, −1). ರ್‍ಯಾಂಕ್ ಒಂದೇ. ಹಾಗಾಗಿ (1, −1) ಎಂಬ ಒಂದೇ ದಿಕ್ಕು ಸಿಗುತ್ತದೆ, ಬೇಕಾಗಿದ್ದದ್ದು ಎರಡು. ಆದರೆ ಈ ಹೊಸ ಮಾತೃಕೆಯನ್ನು ಅದರಿಂದಲೇ ಗುಣಿಸಿ ನೋಡಿ: ನಾಲ್ಕೂ ಸ್ಥಾನದಲ್ಲಿ ಸೊನ್ನೆ. ವರ್ಗವೇ ಸೊನ್ನೆಯಾದ್ದರಿಂದ, ಪರಿಹಾರ ಬರೆಯಲು ಬಳಸುವ ಈ ಮಾತೃಕೆಯ ಎಕ್ಸ್‌ಪೊನೆನ್ಶಿಯಲ್ ಸರಣಿ ಎರಡನೇ ಪದಕ್ಕೇ ನಿಂತುಹೋಗುತ್ತದೆ, ಮತ್ತು ಆ ಎರಡನೇ ಪದದಲ್ಲಿ ಎಕ್ಸ್ ಒಂದು ಸಲ ಕೂತಿರುತ್ತದೆ. ಬೋರ್ಡಿನ ಮೇಲಿನ ಎಕ್ಸ್ ಬಂದದ್ದು ಇಲ್ಲಿಂದ. ಮೂಲ ಮೂರು ಸಲ ಮರುಕಳಿಸಿದರೆ ಎಕ್ಸ್ ವರ್ಗದವರೆಗೆ ಯಾಕೆ ಹೋಗಬೇಕು ಎನ್ನುವುದೂ ಇದರಲ್ಲೇ ತಿಳಿಯುತ್ತದೆ. ಬಾಯಿಪಾಠ ಮಾಡಬೇಕಾದ ಒಂದು ಪುಟದ ನಿಯಮಗಳು ಒಂದೇ ಮಾತಿಗೆ ಇಳಿಯುತ್ತವೆ.

ಹಲವು ವೇರಿಯಬಲ್‌ಗಳ ಕ್ಯಾಲ್ಕುಲಸ್‌ನದ್ದೂ ಇದೇ ಕಥೆ. ಜಾಕೋಬಿಯನ್ ಎಂದು ಡಿಟರ್ಮಿನೆಂಟ್ ಬಿಡಿಸಿದವರಿಗೆ, ಅಲ್ಲಿ ಡೆರಿವೇಟಿವ್ ಎಂದರೆ ಒಂದು ಮಾತೃಕೆಯೇ ಎನ್ನುವುದು ಲೀನಿಯರ್ ಆಲ್ಜೀಬ್ರಾ ಓದಿದ ಮೇಲಷ್ಟೇ ತಿಳಿಯುತ್ತದೆ.

ಇಲ್ಲಿ ಎಡವುವುದು ಹೇಗೆ? ಪಿಯುಸಿಯಲ್ಲಿ ಮಾತೃಕೆ, ನಿರ್ಧಾರಕ ಓದಿರುವುದರಿಂದ ಮೊದಲ ಯೂನಿಟ್ ಗೊತ್ತಿದ್ದದ್ದೇ ಅನಿಸುತ್ತದೆ, ಮೂರು ವಾರ ಪುಸ್ತಕ ತೆರೆಯುವುದಿಲ್ಲ. ನಾಲ್ಕನೇ ವಾರ ವೆಕ್ಟರ್ ಸ್ಪೇಸ್ ಬರುತ್ತದೆ, ಪಾಲಿನಾಮಿಯಲ್‌ಗಳೂ ವೆಕ್ಟರ್ ಎಂದು ಹೇಳುತ್ತಾರೆ, ಅಲ್ಲಿಗೆ ಕೈ ತಪ್ಪುತ್ತದೆ. ಇನ್ನೊಂದು ಪದೇ ಪದೇ ಕಾಣುವ ತಪ್ಪು ಲೀನಿಯರ್ ಇಂಡಿಪೆಂಡೆನ್ಸ್‌ನದ್ದು. ಮೂರು ವೆಕ್ಟರ್‌ಗಳನ್ನು ಎರಡೆರಡಾಗಿ ಪರೀಕ್ಷಿಸಿ, ಯಾವುದೂ ಇನ್ನೊಂದರ ಗುಣಕ ಅಲ್ಲ, ಆದ್ದರಿಂದ ಮೂರೂ ಇಂಡಿಪೆಂಡೆಂಟ್ ಎಂದು ಬರೆದುಬಿಡುತ್ತಾರೆ. (1, 0), (0, 1), (1, 1) ತೆಗೆದುಕೊಳ್ಳಿ. ಯಾವ ಜೋಡಿ ನೋಡಿದರೂ ಸರಿ. ಮೂರನೆಯದು ಮೊದಲೆರಡರ ಮೊತ್ತ. ಸಿಲೆಬಸ್ ನೋಡುವಾಗ ಇನ್ನರ್ ಪ್ರಾಡಕ್ಟ್ ಮತ್ತು ಆರ್ಥಾಗನಲ್ ಪ್ರೊಜೆಕ್ಷನ್ ಇದೆಯೇ ಎಂದೂ ನೋಡಿ. ಕೆಲವು ಪೇಪರ್‌ಗಳು ಐಗೆನ್‌ವ್ಯಾಲ್ಯೂಗೇ ಮುಗಿಯುತ್ತವೆ. ಲೀಸ್ಟ್ ಸ್ಕ್ವೇರ್ಸ್‌ನಿಂದ ಮೆಷಿನ್ ಲರ್ನಿಂಗ್‌ವರೆಗೆ ಹಲವು ವಿಧಾನಗಳು ನಿಂತಿರುವುದು ಪ್ರೊಜೆಕ್ಷನ್ ಮೇಲೆ. ಕಾಲೇಜು ಕಲಿಸದಿದ್ದರೆ ಆ ಭಾಗವನ್ನು ನೀವೇ ಓದಬೇಕು.

ಇನ್ನು ರಿಯಲ್ ಅನಾಲಿಸಿಸ್. ನಮ್ಮ ಭಾಗದ ಮಕ್ಕಳು ಅತಿ ಹೆಚ್ಚು ಹೆದರುವ, ಅತಿ ಹೆಚ್ಚು ಬಾಯಿಪಾಠ ಮಾಡುವ ಪೇಪರ್ ಇದು. ಹೆದರಿಕೆಯ ಅರ್ಧ ಭಾಗ ಗಣಿತದ್ದಲ್ಲ, ವಾಕ್ಯದ್ದು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷಿನಲ್ಲಿ ಎಪ್ಸಿಲಾನ್, ಡೆಲ್ಟಾ, 'ಪ್ರತಿಯೊಂದಕ್ಕೂ', 'ಇದೆ' ಎಂಬ ಮಾತುಗಳು ಒಂದರ ಮೇಲೊಂದು ಬಂದಾಗ, ಅವುಗಳ ಹಿಂದುಮುಂದು ಬದಲಾದರೆ ಅರ್ಥ ಬದಲಾಗುತ್ತದೆ ಎಂಬುದೇ ಕಾಣುವುದಿಲ್ಲ. ಆದರೆ ಈ ಜಾಗದಲ್ಲಿ ಕನ್ನಡ ಇಂಗ್ಲಿಷಿಗಿಂತ ಅನುಕೂಲದ ಭಾಷೆ. ಎರಡು ಮಾತು ಕೇಳಿ (ನಮ್ಮ ಕಡೆ ಕೀಲಿ ಎಂದರೆ ಬೀಗ):

ಪ್ರತಿ ಕೀಲಿಗೂ ಒಂದೊಂದು ಚಾವಿ ಅದ.

ಎಲ್ಲ ಕೀಲಿಗೂ ಒಂದೇ ಚಾವಿ ಅದ.

ಇವೆರಡರ ಅಂತರ ಮನೆಯ ಸಣ್ಣ ಕೂಸಿಗೂ ಗೊತ್ತು. 'ಒಂದೊಂದು' ಎಂದರೆ ಕೀಲಿ ಬದಲಾದರೆ ಚಾವಿಯೂ ಬದಲಾಗಬಹುದು. 'ಒಂದೇ' ಎಂದರೆ ಕೀಲಿ ಯಾವುದೇ ಇರಲಿ, ಚಾವಿ ಮೊದಲೇ ಕೈಯಲ್ಲಿದೆ. ಇಂಗ್ಲಿಷಿನಲ್ಲಿ ಪದಗಳ ಕ್ರಮದಲ್ಲಿ ಅಡಗಿ ಕೂರುವ ವ್ಯತ್ಯಾಸ ನಮಗೆ ಕಿವಿಗೇ ಕೇಳಿಸುತ್ತದೆ. ಮೊದಲ ಮಾತು ಪಾಯಿಂಟ್‌ವೈಸ್ ಕನ್ವರ್ಜೆನ್ಸ್, ಎರಡನೆಯದು ಯೂನಿಫಾರ್ಮ್ ಕನ್ವರ್ಜೆನ್ಸ್.

ಅಂಕಿಗಳಲ್ಲಿ ನೋಡಿ. 0 ಮತ್ತು 1ರ ನಡುವಿನ ಒಂದು ಸಂಖ್ಯೆಯನ್ನು ಅದರಿಂದಲೇ ಮತ್ತೆ ಮತ್ತೆ ಗುಣಿಸುತ್ತಾ ಹೋದರೆ ಸೊನ್ನೆಯ ಕಡೆಗೆ ಇಳಿಯುತ್ತದೆ. 0.01ಕ್ಕಿಂತ ಕೆಳಗೆ ಬರಲು ಎಷ್ಟನೇ ಘಾತ ಬೇಕು? 0.5ಕ್ಕೆ 7 ಸಾಕು. 0.9ಕ್ಕೆ 44 ಬೇಕು. 0.99ಕ್ಕೆ 459. 0.999ಕ್ಕೆ 4603. ಪ್ರತಿ ಸಂಖ್ಯೆಗೂ ಒಂದೊಂದು ಘಾತ ಸಿಗುತ್ತದೆ. 1ರ ಹತ್ತಿರ ಹೋದ ಹಾಗೆ ಅದು ಬೆಳೆಯುತ್ತಲೇ ಹೋಗುತ್ತದೆ. ಎಲ್ಲ ಸಂಖ್ಯೆಗಳಿಗೂ ಸಾಕಾಗುವ ಒಂದೇ ಘಾತ ಎಂದೂ ಸಿಗುವುದಿಲ್ಲ. ಒಂದೇ ಚಾವಿ ಇಲ್ಲದ್ದರಿಂದಲೇ, 0ಯಿಂದ 1ರವರೆಗೆ ಕಂಟಿನ್ಯೂಯಸ್ ಆದ ಈ ಫಂಕ್ಷನ್‌ಗಳ ಲಿಮಿಟ್ 1ರ ಬಳಿ ಥಟ್ಟನೆ ಮುರಿಯುತ್ತದೆ: ಅಲ್ಲಿಯವರೆಗೆ 0, ಅಲ್ಲಿ 1.

ಇಷ್ಟು ಸಿಕ್ಕರೆ ಉಳಿದದ್ದು ತಾನಾಗಿ ಸಾಲುಗೂಡುತ್ತದೆ. ಕಂಟಿನ್ಯೂಟಿಯಲ್ಲಿ ಪ್ರತಿ ಬಿಂದುವಿಗೂ ಒಂದೊಂದು ಡೆಲ್ಟಾ, ಯೂನಿಫಾರ್ಮ್ ಕಂಟಿನ್ಯೂಟಿಯಲ್ಲಿ ಎಲ್ಲ ಬಿಂದುವಿಗೂ ಒಂದೇ ಡೆಲ್ಟಾ. ಗ್ರೂಪ್ ಥಿಯರಿಗೆ ಹೋದರೂ ಇದೇ: ಎಲ್ಲ ಎಲಿಮೆಂಟಿಗೂ ಒಂದೇ ಐಡೆಂಟಿಟಿ, ಪ್ರತಿ ಎಲಿಮೆಂಟಿಗೂ ಒಂದೊಂದು ಇನ್ವರ್ಸ್. ಡೆಫಿನಿಷನ್ ಬಂದಾಗಲೆಲ್ಲ ಅದನ್ನು ಒಮ್ಮೆ ಕನ್ನಡದಲ್ಲಿ ಬಾಯಿಬಿಟ್ಟು ಹೇಳಿ, 'ಒಂದೊಂದು' ಬರಬೇಕೋ 'ಒಂದೇ' ಬರಬೇಕೋ ತೀರ್ಮಾನಿಸಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಯಿರಿ. ಇದಕ್ಕೆ ಎರಡು ನಿಮಿಷ ಹಿಡಿಯುತ್ತದೆ. ಪರೀಕ್ಷೆಯಲ್ಲಿ ಹೋಗುವ ಅಂಕಗಳಲ್ಲಿ ಬಹುಪಾಲು ಈ ಎರಡು ನಿಮಿಷ ಕೊಡದಿದ್ದಕ್ಕೇ ಹೋಗುತ್ತವೆ.

ಈ ಪೇಪರಿನಲ್ಲಿ ದೊಡ್ಡ ಮೋಸ ಏನೆಂದರೆ, ಬಾಯಿಪಾಠದಿಂದ ಪಾಸಾಗಬಹುದು. 'ಥಿಯರಮ್ ನಿರೂಪಿಸಿ, ಸಾಧಿಸಿ' ಎಂಬ ಪ್ರಶ್ನೆಗಳು ಹಳೇ ಪ್ರಶ್ನೆಪತ್ರಿಕೆಗಳಲ್ಲಿ ಸುತ್ತಿ ಸುತ್ತಿ ಬರುತ್ತವೆ. ಹದಿನೈದು ಪ್ರೂಫ್ ಉರು ಹೊಡೆದರೆ ದಡ ಸೇರಬಹುದು. ಮುಂದಿನ ಪೇಪರಿನಲ್ಲಿ ಅದು ಕೈಕೊಡುತ್ತದೆ. ಓದುವ ಸರಿಯಾದ ಕ್ರಮ ಬೇರೆ. ಪ್ರತಿ ಥಿಯರಮ್‌ನಲ್ಲೂ ಎರಡೋ ಮೂರೋ ಷರತ್ತುಗಳಿರುತ್ತವೆ. ಒಂದೊಂದಾಗಿ ಷರತ್ತು ತೆಗೆದುಹಾಕಿ, ಥಿಯರಮ್ ಎಲ್ಲಿ ಕುಸಿಯುತ್ತದೆ ಎಂದು ಒಂದು ಉದಾಹರಣೆ ಕಟ್ಟಬೇಕು. 'ಮುಚ್ಚಿದ, ಮಿತಿಯುಳ್ಳ ಅಂತರದಲ್ಲಿ ಕಂಟಿನ್ಯೂಯಸ್ ಆದ ಫಂಕ್ಷನ್ ತನ್ನ ಗರಿಷ್ಠ ಬೆಲೆಯನ್ನು ಮುಟ್ಟುತ್ತದೆ' ಎಂಬುದನ್ನು ತೆಗೆದುಕೊಳ್ಳಿ. 'ಮುಚ್ಚಿದ' ತೆಗೆಯಿರಿ: 0 ಮತ್ತು 1 ಎರಡೂ ಸೇರದ ಅಂತರದಲ್ಲಿ ಎಕ್ಸ್ ಎಂಬ ಫಂಕ್ಷನ್ 1ರ ಹತ್ತಿರ ಹೋಗುತ್ತದೆ, ಮುಟ್ಟುವುದಿಲ್ಲ. 'ಮಿತಿಯುಳ್ಳ' ತೆಗೆಯಿರಿ: 0ಯಿಂದ ಮುಂದೆ ಕೊನೆಯಿಲ್ಲದೆ ಹೋದರೆ ಅದೇ ಎಕ್ಸ್‌ಗೆ ಗರಿಷ್ಠವೇ ಇಲ್ಲ. 'ಕಂಟಿನ್ಯೂಯಸ್' ತೆಗೆಯಿರಿ: 1ರ ಬಳಿ ಮಾತ್ರ ಬೆಲೆಯನ್ನು 0ಗೆ ಇಳಿಸಿಬಿಟ್ಟರೆ ಸಾಕು. ಈ ಮೂರು ಸಾಲು ನೀವೇ ಬರೆದರೆ ಥಿಯರಮ್ ನಿಮ್ಮದಾಯಿತು. ಹೀಗೆ ಓದಿದರೆ ಒಂದು ತಾಸಿಗೆ ಒಂದು ಪುಟ ಸಾಗುವುದೂ ಕಷ್ಟ. ಅದು ಸರಿಯಾದ ವೇಗವೇ. ನೀವು ಮಂದ ಎಂದು ಅರ್ಥವಲ್ಲ.

ಒಂದು ಎಚ್ಚರಿಕೆ. ಆಯ್ಕೆ ಇದ್ದರೆ ಒಂದೇ ಸೆಮಿಸ್ಟರಿನಲ್ಲಿ ರಿಯಲ್ ಅನಾಲಿಸಿಸ್ ಮತ್ತು ಗ್ರೂಪ್ ಥಿಯರಿ ಎರಡನ್ನೂ ಮೊದಲ ಸಲ ಹಿಡಿಯಬೇಡಿ. ಎರಡೂ ಪ್ರೂಫ್ ಪೇಪರ್‌ಗಳೇ, ಎರಡೂ ಮೊದಲ ತಿಂಗಳು ಏನೂ ಅರ್ಥವಾಗದಂತೆ ಕಾಡುತ್ತವೆ, ಮತ್ತು ಆ ತಿಂಗಳು ಎರಡೂ ಕಡೆ ಒಟ್ಟಿಗೆ ಬಂದರೆ ಚೆನ್ನಾಗಿ ಓದುವ ಮಕ್ಕಳೂ ಗಣಿತವೇ ಬೇಡ ಎನ್ನುವ ಮಟ್ಟಕ್ಕೆ ಹೋಗುತ್ತಾರೆ. ಒಂದು ಪ್ರೂಫ್ ಪೇಪರ್, ಒಂದು ಲೆಕ್ಕದ ಪೇಪರ್ ಎಂಬ ಜೋಡಿ ಒಳ್ಳೆಯದು. ಸಿಲೆಬಸ್ಸೇ ಎರಡನ್ನೂ ಒಟ್ಟಿಗೆ ಇಟ್ಟಿದ್ದರೆ ಹಿಂದಿನ ರಜೆಯಲ್ಲಿ ಎಲಿಮೆಂಟರಿ ನಂಬರ್ ಥಿಯರಿಯ ಮೊದಲ ಎರಡು ಅಧ್ಯಾಯ ಓದಿ: ಭಾಗಾಕಾರ, ಮ.ಸಾ.ಅ., ಕಾಂಗ್ರುಯೆನ್ಸ್. ವಸ್ತುಗಳೆಲ್ಲ ಪ್ರಾಥಮಿಕ ಶಾಲೆಯಿಂದ ಪರಿಚಿತ, ಹೊಸದು ಪ್ರೂಫ್ ಮಾತ್ರ. ಪ್ರೂಫ್ ಬರೆಯುವ ಕೈ ಪಳಗಿಸಲು ಇದಕ್ಕಿಂತ ಅಗ್ಗದ ಅಭ್ಯಾಸ ಇಲ್ಲ. ಕಾಂಗ್ರುಯೆನ್ಸ್ ಬಂದವರಿಗೆ ಕೋಸೆಟ್, ಕೋಶೆಂಟ್ ಗ್ರೂಪ್ ಬಂದಾಗ ಅದು ಹಳೇ ನೆಂಟರಂತೆ ಕಾಣುತ್ತದೆ.

ಪ್ರಾಬಬಿಲಿಟಿ ಬಗ್ಗೆ ನಮಗೆ ಸ್ವಲ್ಪ ಹೆಚ್ಚೇ ಹೇಳುವುದಿದೆ, ಯಾಕೆಂದರೆ ಅದನ್ನು ಬಿಟ್ಟುಬಿಡುವವರೇ ಹೆಚ್ಚು. ತೊಗರಿ ಯಾರ್ಡಿನ ಲೆಕ್ಕವನ್ನೇ ತೆಗೆದುಕೊಳ್ಳಿ. 100 ಚೀಲ ತೊಗರಿ ಬಂದಿದೆ, ಅದರಲ್ಲಿ 5 ಚೀಲ ಹಸಿ ಹಿಡಿದಿವೆ. ಖರೀದಿದಾರ 5 ಚೀಲ ಆರಿಸಿ ಬಿಚ್ಚಿ ನೋಡುತ್ತಾನೆ. ಕೆಟ್ಟ ಚೀಲ ಒಂದೂ ಸಿಗದೇ ಹೋಗುವ ಸಾಧ್ಯತೆ ಎಷ್ಟು? ಬಾಯಿಲೆಕ್ಕದಲ್ಲಿ ಹೆಚ್ಚಿನವರು ಅರ್ಧಕ್ಕರ್ಧ ಎನ್ನುತ್ತಾರೆ. 95 ಒಳ್ಳೆಯ ಚೀಲಗಳಿಂದ 5 ಆರಿಸುವ ಬಗೆಗಳನ್ನು 100ರಿಂದ 5 ಆರಿಸುವ ಬಗೆಗಳಿಂದ ಭಾಗಿಸಿದರೆ 0.77 ಬರುತ್ತದೆ. ನಾಲ್ಕರಲ್ಲಿ ಮೂರು ಸಲ ಆ ಮಾಲು ಕಣ್ತಪ್ಪಿಸಿ ಹೋಗುತ್ತದೆ. ಕಣ್ತಪ್ಪುವ ಸಾಧ್ಯತೆ ನೂರಕ್ಕೆ ಹತ್ತರೊಳಗೆ ಬರಬೇಕೆಂದರೆ 37 ಚೀಲ ಬಿಚ್ಚಬೇಕು. ಅಂದಾಜಿಗೂ ಲೆಕ್ಕಕ್ಕೂ ಇಷ್ಟು ಅಂತರ ಬರುವ ಕಾರಣಕ್ಕೇ ಈ ಪೇಪರ್ ಓದಬೇಕು. ಅಂದಹಾಗೆ, ಇಷ್ಟು ವಸ್ತುಗಳಿಂದ ಇಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬುದಕ್ಕೆ ಸಾಮಾನ್ಯ ಸೂತ್ರವನ್ನು ಕ್ರಿ.ಶ. 850ರ ಸುಮಾರಿಗೆ 'ಗಣಿತಸಾರಸಂಗ್ರಹ'ದಲ್ಲಿ ಬರೆದಿಟ್ಟ ಮಹಾವೀರಾಚಾರ್ಯ, ನಮ್ಮ ಸೇಡಂ ತಾಲ್ಲೂಕಿನ ಮಳಖೇಡವನ್ನು ರಾಜಧಾನಿ ಮಾಡಿಕೊಂಡಿದ್ದ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿದ್ದವನು. ಕಾಗಿಣಾ ದಂಡೆಯ ಆ ಕೋಟೆಯ ಪಕ್ಕ ಬಸ್ಸಿನಲ್ಲಿ ಹಾದುಹೋಗುವ ಗಣಿತದ ವಿದ್ಯಾರ್ಥಿಗೆ ಇದು ಗೊತ್ತಿರಬೇಕು.

ಪೇಪರ್ ಆರಿಸುವಾಗ ಗಮನಿಸಬೇಕಾದದ್ದು, ಒಂದೇ ಹೆಸರಿನಲ್ಲಿ ಎರಡು ಬಗೆಯ ಪೇಪರ್ ಇರುತ್ತವೆ. ಒಂದರಲ್ಲಿ ಮೀನ್, ಮೀಡಿಯನ್, ಕೋರಿಲೇಷನ್ ಎಂದು ಟೇಬಲ್ ತುಂಬಿಸುವುದೇ ಕೆಲಸ. ಇನ್ನೊಂದರಲ್ಲಿ ರ್‍ಯಾಂಡಮ್ ವೇರಿಯಬಲ್, ಜಾಯಿಂಟ್ ಡೆನ್ಸಿಟಿ, ಕಂಡಿಷನಲ್ ಎಕ್ಸ್‌ಪೆಕ್ಟೇಷನ್ ಬರುತ್ತದೆ. ಅಲ್ಲಿ ಡಬಲ್ ಇಂಟಿಗ್ರಲ್‌ನ ಎಲ್ಲೆಗಳನ್ನು ಸರಿಯಾಗಿ ಹಾಕಲು ಬರದಿದ್ದರೆ ಎರಡನೇ ಯೂನಿಟ್‌ನಲ್ಲೇ ನಿಲ್ಲಬೇಕಾಗುತ್ತದೆ. ಡೇಟಾ ಕೆಲಸದ ಕನಸು ಇದ್ದರೆ ಎರಡನೆಯದೇ ಬೇಕು. 2024ರಿಂದ ಗೇಟ್ ಪರೀಕ್ಷೆಯಲ್ಲಿ ಡೇಟಾ ಸೈನ್ಸ್ ಮತ್ತು ಎಐ ಎಂಬ ಪೇಪರ್ ಬಂದಿದೆ. ಅದರ ಗಣಿತ ಭಾಗ ಪ್ರಾಬಬಿಲಿಟಿ-ಸ್ಟ್ಯಾಟಿಸ್ಟಿಕ್ಸ್, ಲೀನಿಯರ್ ಆಲ್ಜೀಬ್ರಾ, ಕ್ಯಾಲ್ಕುಲಸ್ ಮತ್ತು ಆಪ್ಟಿಮೈಸೇಷನ್. ಸಾವಿರಾರು ರೂಪಾಯಿ ಕಟ್ಟಿ ಪೈಥಾನ್ ಕ್ಲಾಸಿಗೆ ಸೇರುವ ಮೊದಲು ಈ ಮೂರು ಗಟ್ಟಿಯಾಗಲಿ. ಇಂಜಿನಿಯರಿಂಗ್ ಓದುವವರಿಗೂ ಇದೇ ಮಾತು.

ನ್ಯೂಮರಿಕಲ್ ಅನಾಲಿಸಿಸ್ ಸ್ಕೋರಿಂಗ್ ಪೇಪರ್ ಎಂದು ಎಲ್ಲರೂ ಬರೆಯುತ್ತಾರೆ. ಕ್ಯಾಲ್ಕುಲೇಟರ್ ಹಿಡಿದು ಟೇಬಲ್ ತುಂಬಿಸುವುದಷ್ಟೇ ಆದರೆ ಅದರಿಂದ ದಕ್ಕುವುದು ಕಡಿಮೆ. ನ್ಯೂಟನ್-ರಾಫ್ಸನ್‌ನಲ್ಲಿ 2ರ ವರ್ಗಮೂಲಕ್ಕೆ 1ರಿಂದ ಹೊರಟರೆ 1.5, 1.4167, 1.414216 ಎಂದು ಮೂರೇ ಹೆಜ್ಜೆಗೆ ಐದು ದಶಮಾಂಶ ಸರಿ ಬರುತ್ತದೆ. ಯಾಕೆ ಇಷ್ಟು ವೇಗ, ಎಲ್ಲಿಂದ ಹೊರಟರೆ ದಾರಿ ತಪ್ಪುತ್ತದೆ ಎಂದು ಕೇಳಿದಾಗ ಮಾತ್ರ ಅದು ಗಣಿತ. ಸೈಲ್ಯಾಬ್ ಅಥವಾ ಪೈಥಾನ್ ಲ್ಯಾಬ್ ಜೊತೆಗಿದ್ದರೆ ತೆಗೆದುಕೊಳ್ಳಿ, ಇಲ್ಲದಿದ್ದರೆ ಆ ಜಾಗವನ್ನು ಬೇರೆಯದಕ್ಕೆ ಕೊಡಿ. ಲಾಪ್ಲಾಸ್ ಟ್ರಾನ್ಸ್‌ಫಾರ್ಮ್ ಮತ್ತು ಲೀನಿಯರ್ ಪ್ರೋಗ್ರಾಮಿಂಗ್‌ಗೂ ಇದೇ ಮಾತು: ಅಂಕ ಬರುತ್ತದೆ, ಕೊನೆಯ ವರ್ಷದ ಭಾರ ಇಳಿಸಲು ಒಂದನ್ನು ಇಟ್ಟುಕೊಳ್ಳಬಹುದು, ಎರಡು ಬೇಡ.

ಕಾಂಪ್ಲೆಕ್ಸ್ ಅನಾಲಿಸಿಸ್ ಚಂದದ ಪೇಪರ್. ರಿಯಲ್ ಅನಾಲಿಸಿಸ್ ಆದ ಮೇಲೆ ಇಟ್ಟುಕೊಳ್ಳಿ.

ಫಾರ್ಮ್ ತುಂಬುವ ಮುನ್ನ ಅರ್ಧ ತಾಸಿನ ಒಂದು ಕೆಲಸ ಮಾಡಿ. ಸಿಲೆಬಸ್ ತೆರೆದು ಮೊದಲ ಯೂನಿಟ್ ಬಿಟ್ಟು ಕೊನೆಯ ಯೂನಿಟ್ ಓದಿ. ಮೊದಲ ಯೂನಿಟ್ ಯಾವ ಪೇಪರಿನಲ್ಲೂ ಗೊತ್ತಿದ್ದದ್ದರಿಂದಲೇ ಶುರುವಾಗುತ್ತದೆ, ಅದನ್ನು ನೋಡಿ ಆರಿಸಿದವರೇ ಹತ್ತನೇ ವಾರ ಪಶ್ಚಾತ್ತಾಪ ಪಡುವುದು. ಆಮೇಲೆ ಹಿಂದಿನ ಎರಡು ವರ್ಷದ ಪ್ರಶ್ನೆಪತ್ರಿಕೆ ತೆಗೆದು, 'ಸಾಧಿಸಿ' ಎನ್ನುವುದಕ್ಕೆ ಎಷ್ಟು ಅಂಕ, 'ಬಿಡಿಸಿ' ಎನ್ನುವುದಕ್ಕೆ ಎಷ್ಟು ಎಂದು ಎಣಿಸಿ. ಆ ಎಣಿಕೆ ಪೇಪರಿನ ಹೆಸರಿಗಿಂತ ಹೆಚ್ಚು ಹೇಳುತ್ತದೆ. ಮೂರನೆಯದಾಗಿ, ಯಾರು ಕಲಿಸುತ್ತಾರೆ ಎಂದು ಕೇಳಿ. ಅತಿಥಿ ಉಪನ್ಯಾಸಕರ ನೇಮಕ ತಡವಾದರೆ ಮೊದಲ ಕೆಲವು ವಾರ ಕ್ಲಾಸೇ ನಡೆಯದಿರಬಹುದು. ಪ್ರೂಫ್ ಪೇಪರಿಗೆ ಆ ವಾರಗಳೇ ಜೀವಾಳ.

ಐಐಟಿಗಳ ಎಂ.ಎಸ್ಸಿ. ಪ್ರವೇಶ ಪರೀಕ್ಷೆಯಾದ ಜ್ಯಾಮ್ ಬರೆಯುವವರಿಗೆ ಕ್ಯಾಲೆಂಡರ್ ಬೇರೆಯೇ. ಜ್ಯಾಮ್ ಗಣಿತ ಪತ್ರಿಕೆ ಮೂರು ತಾಸಿನದು, 60 ಪ್ರಶ್ನೆ, 100 ಅಂಕ. ಅದರಲ್ಲಿ ಒಂದಕ್ಕಿಂತ ಹೆಚ್ಚು ಉತ್ತರ ಸರಿ ಇರಬಹುದಾದ 10 ಪ್ರಶ್ನೆಗಳಿರುತ್ತವೆ, ಸರಿಯಾದ ಆಯ್ಕೆಗಳನ್ನೆಲ್ಲ ಗುರುತಿಸಿದರೆ ಮಾತ್ರ ಅಂಕ. ಷರತ್ತು ಮುರಿದು ಉದಾಹರಣೆ ಕಟ್ಟುವ ಅಭ್ಯಾಸ ಇದ್ದವರಿಗೆ ಈ ಭಾಗ ಒಲಿಯುತ್ತದೆ, ಉರು ಹೊಡೆದವರಿಗೆ ಇಲ್ಲಿ ಏನೂ ಸಿಗುವುದಿಲ್ಲ. ವ್ಯಾಪ್ತಿ ಮೂರೇ ಭಾಗ: ರಿಯಲ್ ಅನಾಲಿಸಿಸ್, ಹಲವು ವೇರಿಯಬಲ್‌ಗಳ ಕ್ಯಾಲ್ಕುಲಸ್ ಮತ್ತು ಡಿಫರೆನ್ಶಿಯಲ್ ಈಕ್ವೇಷನ್, ಲೀನಿಯರ್ ಆಲ್ಜೀಬ್ರಾ ಮತ್ತು ಗ್ರೂಪ್ ಥಿಯರಿ. ಅರ್ಜಿ ಸೆಪ್ಟೆಂಬರ್-ಅಕ್ಟೋಬರಿನಲ್ಲಿ, ಪರೀಕ್ಷೆ ಫೆಬ್ರುವರಿಯಲ್ಲಿ. ಇಲ್ಲೇ ನಮ್ಮ ಮಕ್ಕಳು ಸಿಕ್ಕಿಬೀಳುವುದು: ಕಾಲೇಜು ಲೀನಿಯರ್ ಆಲ್ಜೀಬ್ರಾವನ್ನು ಆರನೇ ಸೆಮಿಸ್ಟರಿಗೆ ಇಟ್ಟಿದ್ದರೆ, ಅದರ ಪಾಠ ಸರಿಯಾಗಿ ಶುರುವಾಗುವ ಮೊದಲೇ ಜ್ಯಾಮ್ ಮುಗಿದಿರುತ್ತದೆ. ಅಷ್ಟಲ್ಲದೆ ಐಐಟಿ ಸೀಟಿಗೆ ಕಲ್ಯಾಣ ಕರ್ನಾಟಕದವರಿಗಿರುವ 371(ಜೆ) ಮೀಸಲಾತಿ ಅನ್ವಯಿಸುವುದಿಲ್ಲ. ಅದು ರಾಜ್ಯದ ಸಂಸ್ಥೆಗಳಿಗೆ. ಹಾಗಾಗಿ ಜ್ಯಾಮ್ ಗುರಿ ಇರುವವರು ಲೀನಿಯರ್ ಆಲ್ಜೀಬ್ರಾವನ್ನು ನಾಲ್ಕನೇ ಸೆಮಿಸ್ಟರ್ ಮುಗಿದ ರಜೆಯೊಳಗೆ ಒಮ್ಮೆ ಪೂರ್ತಿ ಓದಿರಬೇಕು.

ಕಾಲೇಜಿನಲ್ಲಿ ಇಲ್ಲದ ಪೇಪರಿಗೆ ಐಐಟಿಗಳ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟಿಇಎಲ್ ಇದೆ. ಪಾಠ ಕೇಳಲು ದುಡ್ಡಿಲ್ಲ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕೆಂದರೆ ಮಾತ್ರ ಶುಲ್ಕ. 12 ವಾರದ ಕೋರ್ಸಿನಲ್ಲಿ ವಾರಕ್ಕೊಂದು ಅಸೈನ್‌ಮೆಂಟ್. ಅತ್ಯುತ್ತಮ 8ರ ಸರಾಸರಿಗೆ 25, ಅಂತಿಮ ಪರೀಕ್ಷೆಗೆ 75 ಅಂಕ. ಕೋರ್ಸ್ ಆರಿಸುವಾಗ ಮೊದಲ ವಾರದ ವಿಡಿಯೊ ನೋಡಿ ತೀರ್ಮಾನಿಸಬೇಡಿ, ಆರನೇ ವಾರದ್ದೊಂದನ್ನು ತೆರೆದು ಹತ್ತು ನಿಮಿಷ ನೋಡಿ. ಅಲ್ಲಿನ ಮಾತು ಕಾಲು ಭಾಗವೂ ಕೈಗೆ ಸಿಗದಿದ್ದರೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಕೋರ್ಸ್ ಹಿಡಿಯುವುದು ಲೇಸು. ಇಂಗ್ಲಿಷ್ ಮಾತಿನ ವೇಗ ಕಷ್ಟವಾದರೆ 0.75ಕ್ಕೆ ಇಳಿಸಿ, ಪ್ರೂಫ್ ಶುರುವಾದ ಕೂಡಲೇ ನಿಲ್ಲಿಸಿ, ಮುಂದಿನ ಸಾಲು ಏನಿರಬಹುದು ಎಂದು ಹಾಳೆಯ ಮೇಲೆ ಬರೆದು, ಆಮೇಲೆ ಮುಂದುವರಿಸಿ. ನಿಲ್ಲಿಸದೆ ನೋಡಿದ ಗಣಿತದ ವಿಡಿಯೊ ಮರುದಿನಕ್ಕೆ ಉಳಿಯುವುದಿಲ್ಲ. ಜುಲೈನಲ್ಲಿ ಶುರುವಾಗುವ ಕೋರ್ಸಿನ ಕೊನೆಯ ವಾರಗಳು ಕಾಲೇಜಿನ ಇಂಟರ್ನಲ್ ಟೆಸ್ಟಿನ ಮೇಲೆಯೇ ಬಂದು ಬೀಳಬಹುದು. ಆದ್ದರಿಂದ ಜೂನಿನಲ್ಲೇ ಹಳೇ ವರ್ಷದ ಅದೇ ಕೋರ್ಸಿನ ಮೊದಲ ನಾಲ್ಕು ವಾರದ ಪಾಠ ಮುಗಿಸಿಕೊಂಡು, ಕೋರ್ಸ್ ಶುರುವಾದ ಮೇಲೆ ಆ ನಾಲ್ಕು ವಾರ ಅಸೈನ್‌ಮೆಂಟ್ ಮಾತ್ರ ಮಾಡುತ್ತಾ ಹೋಗಿ.